ಒರತೆ ಬೆಳೆಸಿದ ಊರು: ಸ್ಕಾರ್ಬರೋ ಖನಿಜಜಲದ ವಾಣಿಜ್ಯ ಚರಿತ್ರೆ

ಒಂದು ಊರಿನ ವ್ಯಾಪಾರವೆಲ್ಲವೂ ಒಂದೇ ಸರಕನ್ನು ನೆಚ್ಚಿ ನಿಂತಾಗ, ಆ ಸರಕಿನ ಏಳುಬೀಳುಗಳೇ ಊರಿನ ಏಳುಬೀಳುಗಳಾಗುತ್ತವೆ. ಇದು ವರ್ತಕರೆಲ್ಲರಿಗೂ ತಿಳಿದಿರುವ ಮಾತು. ಆದರೆ ನೆಚ್ಚಿದ ಸರಕಿಗೆ ಬೇಡಿಕೆ ಕುಗ್ಗಿದ ನಂತರವೂ ಊರೊಂದು ತನ್ನ ಗಿರಾಕಿಗಳನ್ನು ಉಳಿಸಿಕೊಂಡ ನಿದರ್ಶನಗಳು ವಿರಳ. ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿರುವ ಸ್ಕಾರ್ಬರೋ ಅಂತಹ ಒಂದು ಊರು. ಮೀನುಗಾರಿಕೆಯ ಸಣ್ಣ ಬಂದರಾಗಿದ್ದ ಈ ಊರು, ಗುಡ್ಡದ ಬುಡದಲ್ಲಿ ಒಸರುತ್ತಿದ್ದ ಕಹಿನೀರಿನ ಒರತೆಯೊಂದರಿಂದ ಹೊಸ ಜೀವನೋಪಾಯವನ್ನು ಕಂಡುಕೊಂಡಿತು. ಸುಮಾರು 400 ವರ್ಷಗಳ ಈ ಚರಿತ್ರೆಯು ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಚಿಂತನೆಗೆ ಆಸ್ಪದ ನೀಡುವಂತಹುದು.

ಜಾತ್ರೆಯ ಊರು

ಯಾರ್ಕ್‌ಷೈರ್ ಪ್ರಾಂತ್ಯಕ್ಕೆ ಸೇರಿದ ಸ್ಕಾರ್ಬರೋ ಎರಡು ಕೊಲ್ಲಿಗಳ ನಡುವೆ ಸಮುದ್ರಕ್ಕೆ ಚಾಚಿಕೊಂಡಿರುವ ಭೂಶಿರದ ಮಗ್ಗುಲಲ್ಲಿ ನೆಲೆಸಿದೆ. ಭೂಶಿರದ ನೆತ್ತಿಯ ಮೇಲೆ 12ನೆಯ ಶತಮಾನದ ಕೋಟೆಯಿದೆ. ಅದರ ಕೆಳಗೆ ದಕ್ಷಿಣ ಕೊಲ್ಲಿಯ ದಡದಲ್ಲಿ ಹಳೆಯ ಊರು ಮತ್ತು ಬಂದರು ಇವೆ. 1253ರಲ್ಲಿ ಮೂರನೆಯ ಹೆನ್ರಿ ದೊರೆಯು ಇಲ್ಲಿ ಪ್ರತಿವರ್ಷ ವ್ಯಾಪಾರದ ಜಾತ್ರೆಯನ್ನು ನಡೆಸಲು ಸನ್ನದು ನೀಡಿದನು. ಆಗಸ್ಟ್ 15ರಿಂದ ಸೆಪ್ಟೆಂಬರ್ 29ರವರೆಗೆ, ಅಂದರೆ ಸುಮಾರು 45 ದಿನಗಳ ಕಾಲ ನಡೆಯುತ್ತಿದ್ದ ಈ ಜಾತ್ರೆಗೆ ಇಂಗ್ಲೆಂಡಿನ ವಿವಿಧ ಭಾಗಗಳಿಂದಲ್ಲದೆ ನಾರ್ವೆ, ಡೆನ್ಮಾರ್ಕ್ ಹಾಗೂ ಬಾಲ್ಟಿಕ್ ಸಮುದ್ರದ ತೀರಗಳಿಂದಲೂ ವರ್ತಕರು ಬರುತ್ತಿದ್ದರು. ಅಂದಿನ ದಿನಗಳಲ್ಲಿ ಅಷ್ಟು ದೀರ್ಘಕಾಲದ ಜಾತ್ರೆಗಳು ಅಪರೂಪವಾಗಿದ್ದವು.

ಕಾಲಕ್ರಮೇಣ ಸುತ್ತಮುತ್ತಲಿನ ಊರುಗಳಲ್ಲಿ ಬೇರೆ ಸಂತೆಗಳು ತಲೆಯೆತ್ತಿದವು. ಸನ್ನದಿನ ಬಲದಿಂದ ದೊರೆತಿದ್ದ ವ್ಯಾಪಾರವು ಮೆಲ್ಲಮೆಲ್ಲನೆ ಕೈಜಾರತೊಡಗಿತು. 17ನೆಯ ಶತಮಾನದ ಅಂತರ್ಯುದ್ಧದಲ್ಲಿ, 1645ರಲ್ಲಿ, ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಬಿದ್ದು ಊರು ಬಹಳ ಹಾನಿಯನ್ನು ಅನುಭವಿಸಿತು. ಜಾತ್ರೆಯು ಹೆಸರಿಗೆ ಮಾತ್ರ ಮುಂದುವರಿದು 1788ರಲ್ಲಿ ನಿಂತುಹೋಯಿತು. ಆದರೆ ಅಷ್ಟರೊಳಗೆ ಊರಿನ ಜನರು ಬೇರೊಂದು ವ್ಯಾಪಾರಕ್ಕೆ ಕೈಹಾಕಿ ಆಗಿತ್ತು ಎಂಬುದು ಇಲ್ಲಿ ಗಮನಾರ್ಹ ಸಂಗತಿ.

ಒರತೆಯ ಶೋಧ

1626ರ ಸುಮಾರಿನಲ್ಲಿ ಊರಿನ ಪ್ರಮುಖರೊಬ್ಬರ ಪತ್ನಿ ಫಾರರ್ ಎಂಬವರು ದಕ್ಷಿಣ ಕೊಲ್ಲಿಯ ದಡದಲ್ಲಿ ಅಡ್ಡಾಡುತ್ತಿದ್ದಾಗ, ಗುಡ್ಡದ ಬುಡದಿಂದ ಹರಿದುಬರುತ್ತಿದ್ದ ನೀರು ಕಲ್ಲುಗಳ ಮೇಲೆ ಕೆಂಗಂದು ಬಣ್ಣವನ್ನು ಬಿಟ್ಟಿದ್ದುದನ್ನು ಕಂಡರು. ರುಚಿ ನೋಡಿದಾಗ ನೀರು ತುಸು ಕಹಿಯಾಗಿತ್ತು. ಇದು ಔಷಧೀಯ ಗುಣವುಳ್ಳ ನೀರಿರಬೇಕೆಂದು ಅವರು ಊಹಿಸಿ, ನೆರೆಹೊರೆಯವರಿಗೂ ತಿಳಿಸಿದರು. ಸಣ್ಣಪುಟ್ಟ ಕಾಯಿಲೆಗಳಿಗೆ ಆ ನೀರನ್ನು ಕುಡಿಯುವ ರೂಢಿ ಊರಿನಲ್ಲಿ ಬೆಳೆಯಿತು. ಬೆಲ್ಜಿಯಂ ದೇಶದ ಸ್ಪಾ ಎಂಬ ಊರಿನ ಖನಿಜಜಲವು ಆ ವೇಳೆಗೆ ಯೂರೋಪಿನಲ್ಲಿ ಖ್ಯಾತಿ ಪಡೆದಿದ್ದುದರಿಂದ ಇಂಗ್ಲೆಂಡಿನಲ್ಲಿಯೂ ಇಂತಹ ಒರತೆಗಳಿಗೆ ‘ಸ್ಪಾ’ ಎಂಬ ಹೆಸರೇ ನಿಂತಿತು.

ಮೂರು ದಶಕಗಳ ಕಾಲ ಇದು ಸ್ಥಳೀಯ ಮದ್ದಾಗಿಯೇ ಉಳಿಯಿತು. ಇದನ್ನು ದೂರದೂರಕ್ಕೆ ಪ್ರಚುರಪಡಿಸಿದವರು ಹಲ್ ಪಟ್ಟಣದ ವೈದ್ಯ ರಾಬರ್ಟ್ ವಿಟ್ಟಿ. 1660ರಲ್ಲಿ ಅವರು ಸ್ಕಾರ್ಬರೋ ಒರತೆಯ ಗುಣಗಳನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದರು. ಹಲವಾರು ವ್ಯಾಧಿಗಳಿಗೆ ಈ ನೀರು ಪರಿಹಾರವೆಂದು ಅದರಲ್ಲಿ ಪ್ರತಿಪಾದಿಸಲಾಗಿತ್ತು. ಆ ದಶಕದಲ್ಲಿಯೇ ಅವರು ಸಮುದ್ರಸ್ನಾನವನ್ನೂ ಶಿಫಾರಸು ಮಾಡಿದ್ದರು. ಅವರ ವಾದವನ್ನು ಎಲ್ಲರೂ ಒಪ್ಪಲಿಲ್ಲ. 1669ರಲ್ಲಿ ವಿಲಿಯಂ ಸಿಂಪ್ಸನ್ ಎಂಬ ವೈದ್ಯರು ನೀರಿನಲ್ಲಿರುವ ಲವಣಗಳ ಬಗೆಗೆ ವಿಟ್ಟಿಯವರ ಅಭಿಪ್ರಾಯವನ್ನು ಖಂಡಿಸಿ ಗ್ರಂಥ ಬರೆದರು. ವಿಟ್ಟಿ ಅದಕ್ಕೆ ಉತ್ತರಿಸಿದರು. ವಾದವಿವಾದಗಳು ಪುಸ್ತಕರೂಪದಲ್ಲಿ ಹೊರಬಂದಂತೆಲ್ಲ ಊರಿನ ಹೆಸರೂ ಪಸರಿಸಿತು.

ನೀರಿನ ಗುಣವೂ ಮಿತಿಯೂ

ಈ ನೀರಿನ ಗುಣಕ್ಕೆ ಕಾರಣವೇನೆಂಬುದನ್ನು ಇಂದಿನ ವಿಜ್ಞಾನವು ಸರಳವಾಗಿ ವಿವರಿಸುತ್ತದೆ. ಮಳೆಯ ನೀರು ಗುಡ್ಡದ ಮಣ್ಣು ಮತ್ತು ಬಂಡೆಗಳ ಪದರಗಳಲ್ಲಿ ಇಂಗಿ ಸಾಗುವಾಗ ಅಲ್ಲಿನ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಸ್ಕಾರ್ಬರೋ ನೀರಿನಲ್ಲಿ ಮುಖ್ಯವಾಗಿ ಮೆಗ್ನೀಸಿಯಂ ಸಲ್ಫೇಟ್, ಸುಣ್ಣದ ಲವಣಗಳು ಮತ್ತು ಅಲ್ಪ ಪ್ರಮಾಣದ ಕಬ್ಬಿಣದ ಅಂಶ ಇವೆ. ಮೆಗ್ನೀಸಿಯಂ ಸಲ್ಫೇಟ್ ಎಂದರೆ ಔಷಧದ ಅಂಗಡಿಗಳಲ್ಲಿ ದೊರೆಯುವ ಭೇದಿ ಉಪ್ಪು. ನೀರಿನ ಕಹಿಗೂ ವಿರೇಚಕ ಗುಣಕ್ಕೂ ಅದೇ ಕಾರಣ. ಕಬ್ಬಿಣದ ಅಂಶವು ಗಾಳಿ ಸೋಕಿದೊಡನೆ ತುಕ್ಕಿನಂತಾಗಿ ಕಲ್ಲಿನ ಮೇಲೆ ಕೆಂಪಗೆ ಕೂರುತ್ತದೆ. ಫಾರರ್ ಅವರು ಕಂಡ ಬಣ್ಣ ಇದೇ.

ಈ ರಾಸಾಯನಿಕ ಗುಣದಲ್ಲಿ ವಾಣಿಜ್ಯದ ಒಂದು ಸೂಕ್ಷ್ಮವೂ ಅಡಗಿದೆ. ನೀರನ್ನು ಬಾಟಲಿಗಳಲ್ಲಿ ತುಂಬಿ ಹೊರ ಊರುಗಳಿಗೆ ಕಳುಹಿಸುವ ವ್ಯಾಪಾರವೂ ನಡೆಯುತ್ತಿತ್ತು. ಆದರೆ ಇಂತಹ ನೀರನ್ನು ಶೇಖರಿಸಿಟ್ಟರೆ ಕಬ್ಬಿಣದ ಅಂಶವು ತಳಕ್ಕೆ ಇಳಿದುಬಿಡುತ್ತದೆ. ಆದುದರಿಂದ ಒರತೆಯ ಬಳಿಯಲ್ಲಿಯೇ ತಾಜಾ ನೀರನ್ನು ಕುಡಿಯಬೇಕೆಂಬ ವೈದ್ಯರ ಸಲಹೆಗೆ ಆಧಾರವಿತ್ತು. ಸರಕು ಗಿರಾಕಿಯ ಮನೆಗೆ ಹೋಗಲಾರದು. ಗಿರಾಕಿಯೇ ಸರಕಿನ ಬಳಿಗೆ ಬರಬೇಕು. ಬಂದವನು ಒಂದು ದಿನ ನೀರು ಕುಡಿದು ಹಿಂದಿರುಗುವಂತಿರಲಿಲ್ಲ. ಚಿಕಿತ್ಸೆಯು ವಾರಗಟ್ಟಲೆ ನಡೆಯುತ್ತಿತ್ತು. ಅಷ್ಟು ದಿನ ಅವನಿಗೆ ವಸತಿ, ಊಟ, ಕುದುರೆ ಲಾಯ, ಮನರಂಜನೆ ಎಲ್ಲವೂ ಬೇಕಾಗುತ್ತಿದ್ದವು. ನೀರಿನಿಂದ ಬಂದ ಆದಾಯಕ್ಕಿಂತ ನೀರಿಗಾಗಿ ಬಂದವರಿಂದ ಊರಿಗೆ ದೊರೆತ ಆದಾಯವೇ ದೊಡ್ಡದಾಯಿತು.

1697ರಲ್ಲಿ ಇಲ್ಲಿಗೆ ಭೇಟಿ ನೀಡಿದ ಪ್ರವಾಸಿ ಸಿಲಿಯಾ ಫೈನ್ಸ್ ತಮ್ಮ ದಿನಚರಿಯಲ್ಲಿ ಅಂದಿನ ಸ್ಥಿತಿಯನ್ನು ದಾಖಲಿಸಿದ್ದಾರೆ. ಭರತದ ಸಮಯದಲ್ಲಿ ಸಮುದ್ರದ ನೀರು ಒರತೆಯನ್ನೇ ಮುಚ್ಚಿಬಿಡುತ್ತಿತ್ತು. ಇಳಿತವಾದಾಗ ಮರಳಿನ ದಡದಲ್ಲಿ ನಡೆದಾಡುವುದೇ ಬಂದವರಿಗಿದ್ದ ಮುಖ್ಯ ವಿನೋದ. ಒಳ್ಳೆಯ ವಸತಿಮನೆಗಳು ಬಹುತೇಕ ಕ್ವೇಕರ್ ಪಂಥದವರ ಕೈಯಲ್ಲಿದ್ದವು. ಅಂದರೆ ಆ ವೇಳೆಗಾಗಲೇ ಸ್ಥಳೀಯ ಕುಟುಂಬಗಳು ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುವ ವ್ಯವಹಾರದಲ್ಲಿ ನೆಲೆಯೂರಿದ್ದರು.

ನಗರಸಭೆ, ಗುತ್ತಿಗೆ ಮತ್ತು ಸೇವೆ

ಒರತೆ ಇದ್ದ ನೆಲವು ನಗರಸಭೆಗೆ ಸೇರಿತ್ತು. 17ನೆಯ ಶತಮಾನದ ಕೊನೆಯ ವೇಳೆಗೆ ನಗರಸಭೆಯು ನೀರು ಸಂಗ್ರಹಿಸಲು ತೊಟ್ಟಿಯನ್ನು ಕಟ್ಟಿಸಿ, ಅದರ ಉಸ್ತುವಾರಿಯನ್ನು ಗುತ್ತಿಗೆಗೆ ನೀಡಿತು. ಡಿಕಿ ಡಿಕಿನ್ಸನ್ ಎಂಬಾತನು ಗುತ್ತಿಗೆದಾರನಾಗಿ ಬಂದು ‘ಸ್ಪಾ ಗವರ್ನರ್’ ಎಂದೇ ಪ್ರಸಿದ್ಧನಾದನು. ಅಂಗವೈಕಲ್ಯವಿದ್ದರೂ ಮಾತಿನಲ್ಲಿ ಚತುರನಾಗಿದ್ದ ಈತನು, ಶ್ರೀಮಂತರನ್ನೂ ಸರದಾರರನ್ನೂ ತನ್ನ ಹಾಸ್ಯದಿಂದ ರಂಜಿಸುತ್ತಿದ್ದನು. ವಿರೇಚಕ ನೀರನ್ನು ಕುಡಿದವರಿಗೆ ಮೊದಲು ಬೇಕಾಗುವ ಸೌಕರ್ಯ ಯಾವುದೆಂಬುದನ್ನು ಅರಿತು, ಪುರುಷರಿಗೂ ಸ್ತ್ರೀಯರಿಗೂ ಪ್ರತ್ಯೇಕ ಶೌಚಗೃಹಗಳನ್ನು ಏರ್ಪಡಿಸಿದ್ದನು. ಗಿರಾಕಿಯ ಅಗತ್ಯವನ್ನು ಗಿರಾಕಿ ಬಾಯಿಬಿಟ್ಟು ಕೇಳುವ ಮುನ್ನವೇ ಪೂರೈಸುವುದು ಉತ್ತಮ ವ್ಯಾಪಾರದ ಲಕ್ಷಣವೆಂಬುದಕ್ಕೆ ಇದೊಂದು ಉದಾಹರಣೆ.

1730ರ ದಶಕದ ವೇಳೆಗೆ ಸ್ಕಾರ್ಬರೋ ಫ್ಯಾಷನ್ನಿನ ಕೇಂದ್ರವಾಗಿತ್ತು. ಬೇಸಿಗೆಯ ಹಂಗಾಮಿನಲ್ಲಿ ಡ್ಯೂಕ್ ಪದವಿಯವರೂ ಸಹ ಬಂದು ತಂಗುತ್ತಿದ್ದರು. ಊರಿನೊಳಗೆ ‘ಲಾಂಗ್ ರೂಮ್’ ಎಂಬ ಸಭಾಂಗಣದಲ್ಲಿ ನೃತ್ಯ, ಇಸ್ಪೀಟು, ಸಂಗೀತಗಳು ನಡೆಯುತ್ತಿದ್ದವು. 1735ರಲ್ಲಿ ಜಾನ್ ಸೆಟ್ಟರಿಂಗ್ಟನ್ ಎಂಬ ಕಲಾವಿದನು ರಚಿಸಿದ ದಕ್ಷಿಣ ಕೊಲ್ಲಿಯ ಚಿತ್ರದಲ್ಲಿ, ನೀರಿನಂಚಿಗೆ ಎಳೆದೊಯ್ಯುವ ಗಾಲಿಗಳುಳ್ಳ ಮರದ ಸ್ನಾನದ ಕೋಣೆಯೊಂದು ಕಾಣುತ್ತದೆ. ಇಂತಹ ಕೋಣೆಗೆ ದೊರೆತಿರುವ ಅತ್ಯಂತ ಹಳೆಯ ಚಿತ್ರಸಾಕ್ಷ್ಯ ಇದೆಂದು ಪರಿಗಣಿಸಲಾಗಿದೆ. ಒರತೆಯ ನೀರನ್ನು ಕುಡಿಯಲು ಬಂದವರು ಸಮುದ್ರದ ನೀರಿನಲ್ಲಿ ಮೀಯುವುದನ್ನೂ ಕಲಿತರು. ಬ್ರಿಟನ್ನಿನ ಮೊದಲ ಕಡಲತೀರದ ವಿಹಾರಧಾಮವೆಂದು ಸ್ಕಾರ್ಬರೋವನ್ನು ಕರೆಯುವುದಕ್ಕೆ ಈ ಜೋಡಣೆಯೇ ಕಾರಣ.

1737ರ ಕುಸಿತ

1737ರ ಡಿಸೆಂಬರ್ ಕೊನೆಯಲ್ಲಿ ಊರಿಗೆ ದೊಡ್ಡ ಆಘಾತ ಒದಗಿತು. ಒರತೆಯ ಹಿಂದಿನ ಗುಡ್ಡದ ಸುಮಾರು ಒಂದು ಎಕರೆ ಹುಲ್ಲುಗಾವಲು, ಮೇಯುತ್ತಿದ್ದ ಹಸುಗಳ ಸಮೇತ ಕುಸಿದು ಕೆಳಗಿಳಿಯಿತು. ಅದರ ಒತ್ತಡಕ್ಕೆ ಕೆಳಗಿನ ದಡದ ನೆಲ ಮೇಲಕ್ಕುಬ್ಬಿ, ಸ್ಪಾ ಕಟ್ಟಡವು ನಾಶವಾಯಿತು, ಒರತೆಯೂ ಕಣ್ಮರೆಯಾಯಿತು. ಕೆಲವೇ ವಾರಗಳಲ್ಲಿ ಡಿಕಿನ್ಸನ್ ಕೂಡ ತೀರಿಕೊಂಡನು.

ಊರಿನ ಆದಾಯದ ಮೂಲವೇ ಮಣ್ಣಿನಡಿಯಲ್ಲಿ ಹುದುಗಿದಾಗ ನಗರಸಭೆಯು ಕೈಕಟ್ಟಿ ಕೂರಲಿಲ್ಲ. ಅಗೆದು ಹುಡುಕಿ ಒರತೆಯನ್ನು ಮತ್ತೆ ಪತ್ತೆಹಚ್ಚಿ, 1739ರ ಹೊತ್ತಿಗೆ ಹೊಸ ಸಭಾಗೃಹವನ್ನು ನಿರ್ಮಿಸಲಾಯಿತು. ಮುಂದಿನ ಹಂಗಾಮಿನ ಗಿರಾಕಿಯು ಬೇರೆ ಊರಿಗೆ ಹೋಗಿ ಅಲ್ಲಿಯ ರೂಢಿ ಹಿಡಿದರೆ ಮರಳಿ ಬರುವುದು ಕಷ್ಟವೆಂಬುದು ಅವರಿಗೆ ತಿಳಿದಿತ್ತೆಂದು ಊಹಿಸಬಹುದು. ಸ್ಪರ್ಧೆಯೂ ದೂರವಿರಲಿಲ್ಲ. 1750ರ ದಶಕದಲ್ಲಿ ವೈದ್ಯ ರಿಚರ್ಡ್ ರಸೆಲ್ ಅವರು ಸಮುದ್ರದ ನೀರಿನ ಚಿಕಿತ್ಸೆಯನ್ನು ಜನಪ್ರಿಯಗೊಳಿಸಿದ ನಂತರ, ಲಂಡನ್ನಿಗೆ ಸಮೀಪವಿದ್ದ ಬ್ರೈಟನ್ ಕಡೆಗೆ ಶ್ರೀಮಂತರು ಹರಿಯತೊಡಗಿದರು. ಆದರೂ ಉತ್ತರ ಇಂಗ್ಲೆಂಡಿನ ಗಿರಾಕಿಗಳನ್ನು ಸ್ಕಾರ್ಬರೋ ಉಳಿಸಿಕೊಂಡಿತು.

ಸೇತುವೆ ಕಂಪನಿ

ಊರಿಗೂ ಒರತೆಗೂ ನಡುವೆ ಆಳವಾದ ಕಣಿವೆಯೊಂದಿತ್ತು. ಸ್ಪಾಗೆ ಹೋಗಬೇಕಾದವರು ಕಡಿದಾದ ಹಾದಿಯಲ್ಲಿ ಇಳಿದು ಮರಳಿನ ಮೇಲೆ ನಡೆಯಬೇಕಾಗಿತ್ತು. ಈ ಕೊರತೆಯನ್ನು ನೀಗಿಸಲು 1826ರಲ್ಲಿ ‘ಕ್ಲಿಫ್ ಬ್ರಿಜ್ ಕಂಪನಿ’ ಸ್ಥಾಪನೆಯಾಯಿತು. ಷೇರುದಾರರ ಬಂಡವಾಳದಿಂದ ಕಟ್ಟಲಾದ ಎತ್ತರದ ಸೇತುವೆಯು 1827ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ದಾಟುವವರು ಸುಂಕ ಕೊಡಬೇಕಾಗಿತ್ತು. ಕಂಪನಿಯು ಒರತೆಯ ಜಾಗವನ್ನೂ ನಗರಸಭೆಯಿಂದ ಗುತ್ತಿಗೆಗೆ ಪಡೆಯಿತು.

ಇಲ್ಲಿಂದ ಮುಂದೆ ವ್ಯವಹಾರದ ಸ್ವರೂಪವೇ ಬದಲಾಯಿತು. ಕಂಪನಿಯು ತೋಟಗಳನ್ನು ಬೆಳೆಸಿತು, ಕಾಲುದಾರಿಗಳನ್ನು ನಿರ್ಮಿಸಿತು, ವಾದ್ಯವೃಂದವನ್ನು ನೇಮಿಸಿತು. 1836ರ ಬಿರುಗಾಳಿಯಿಂದ ಹಳೆಯ ಕಟ್ಟಡವು ಜಖಂಗೊಂಡ ನಂತರ, 1839ರಲ್ಲಿ ಹೊಸ ಗಾಥಿಕ್ ಶೈಲಿಯ ಸಭಾಗೃಹ ಎದ್ದುನಿಂತಿತು. 1858ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಖ್ಯಾತಿಯ ಜೋಸೆಫ್ ಪ್ಯಾಕ್ಸ್‌ಟನ್ ಅವರ ವಿನ್ಯಾಸದ ಸಂಗೀತಭವನವು ಸಿದ್ಧವಾಯಿತು. ಅಷ್ಟರಲ್ಲಿ ನೀರು ಕುಡಿಯುವುದು ಬೆಳಗಿನ ಒಂದು ಶಾಸ್ತ್ರವಾಗಿ ಉಳಿದು, ಸಂಗೀತ ಮತ್ತು ವಿಹಾರಗಳೇ ಮುಖ್ಯ ಸರಕಾಗಿದ್ದವು.

ರೈಲು ಬಂದಾಗ

1840ರ ಸುಮಾರಿಗೆ ಯಾರ್ಕ್ ನಗರದಿಂದ ಸ್ಕಾರ್ಬರೋಗೆ ರೈಲುಮಾರ್ಗದ ಪ್ರಸ್ತಾಪ ಬಂದಾಗ ಊರಿನಲ್ಲಿ ಎಲ್ಲರೂ ಸ್ವಾಗತಿಸಲಿಲ್ಲ. ಜಾರ್ಜ್ ನೋಲ್ಸ್ ಎಂಬವರು ಕಿರುಹೊತ್ತಗೆಯೊಂದನ್ನು ಪ್ರಕಟಿಸಿ, ಖರ್ಚು ಮಾಡಲು ಹಣವಿಲ್ಲದ ಅಲೆಮಾರಿಗಳು ಬಂದು ತುಂಬುವುದು ಊರಿಗೆ ಬೇಕಿಲ್ಲವೆಂದು ವಾದಿಸಿದರು. ಪ್ರತಿಷ್ಠಿತ ಗಿರಾಕಿಗಳು ಇದರಿಂದ ದೂರವಾಗಬಹುದೆಂಬ ಆತಂಕ ಅದರಲ್ಲಿತ್ತು. ಆದರೆ 1845ರ ಜುಲೈ 7ರಂದು ರೈಲು ಓಡಿಯೇ ಓಡಿತು. ಲೀಡ್ಸ್, ಬ್ರ್ಯಾಡ್‌ಫರ್ಡ್ ಮುಂತಾದ ಉಣ್ಣೆಬಟ್ಟೆಯ ಕೈಗಾರಿಕಾ ಪಟ್ಟಣಗಳ ಮಾಲೀಕರೂ, ಗುಮಾಸ್ತರೂ, ಕ್ರಮೇಣ ಕಾರ್ಮಿಕರೂ ಕಡಲತೀರಕ್ಕೆ ಬರತೊಡಗಿದರು.

ಊರು ಈ ಎರಡು ಬಗೆಯ ಗಿರಾಕಿಗಳನ್ನು ಜಾಗ ಮತ್ತು ಬೆಲೆಯ ಮೂಲಕ ಬೇರ್ಪಡಿಸಿತು. ಸ್ಪಾ ಕಂಪನಿಯು ಪ್ರವೇಶದರವನ್ನು ಮೇಲ್ಮಟ್ಟದಲ್ಲಿರಿಸಿ ತನ್ನ ಆವರಣವನ್ನು ಉಳ್ಳವರಿಗೆ ಮೀಸಲಾಗಿ ಕಾಯ್ದುಕೊಂಡಿತು. 1867ರಲ್ಲಿ ದಕ್ಷಿಣ ಕೊಲ್ಲಿಯ ನೆತ್ತಿಯ ಮೇಲೆ ಬೃಹತ್ತಾದ ಗ್ರ್ಯಾಂಡ್ ಹೋಟೆಲ್ ತೆರೆಯಿತು. 1875ರಲ್ಲಿ ದಕ್ಷಿಣದ ಗುಡ್ಡದಿಂದ ಸ್ಪಾಗೆ ಇಳಿಯಲು ಬ್ರಿಟನ್ನಿನಲ್ಲಿಯೇ ಮೊದಲನೆಯದಾದ ಇಳಿಜಾರು ಟ್ರಾಮ್ ಆರಂಭವಾಯಿತು. ಒಂದು ಗಾಡಿಯ ತೊಟ್ಟಿಯಲ್ಲಿ ಸಮುದ್ರದ ನೀರನ್ನು ತುಂಬಿ ಅದರ ಭಾರದಿಂದ ಇನ್ನೊಂದನ್ನು ಮೇಲಕ್ಕೆಳೆಯುವ ವ್ಯವಸ್ಥೆ ಅದರಲ್ಲಿತ್ತು. ಇತ್ತ ಜನಸಾಮಾನ್ಯರಿಗಾಗಿ 1877ರಲ್ಲಿ ಸೇತುವೆಯ ಕೆಳಗೆ ಮತ್ಸ್ಯಾಲಯವು ತೆರೆಯಿತು. 1876ರ ಬೆಂಕಿಯಲ್ಲಿ ಸ್ಪಾ ಭವನವು ಸುಟ್ಟುಹೋದರೂ 1880ರ ವೇಳೆಗೆ ಇನ್ನೂ ವೈಭವಯುತವಾದ ಕಟ್ಟಡ ಸಿದ್ಧವಾಗಿತ್ತು. ರೈಲಿನಿಂದ ಹಾನಿಯಾಗುವುದೆಂಬ ಭೀತಿಯು ಹೀಗೆ ಹುಸಿಯಾಯಿತು. ಆದರೆ ಊರಿನ ಒರತೆಯ ಬಳಿಗೆ ಹೋಗಲು ಊರಿನ ಬಡವನೇ ಹಿಂಜರಿಯಬೇಕಾದ ಸ್ಥಿತಿ ಬಂದಿತೆಂಬುದನ್ನೂ ಮರೆಯುವಂತಿಲ್ಲ.

ಸರಕು ಹಿಂದೆ ಸರಿದಾಗ

ವೈದ್ಯಶಾಸ್ತ್ರವು ಮುಂದುವರಿದಂತೆ ಖನಿಜಜಲದಿಂದ ಸಕಲ ರೋಗಗಳೂ ವಾಸಿಯಾಗುತ್ತವೆ ಎಂಬ ನಂಬಿಕೆ ಸಡಿಲಗೊಂಡಿತು. ಭೇದಿ ಉಪ್ಪು ಅಲ್ಪ ಬೆಲೆಗೆ ಅಂಗಡಿಯಲ್ಲಿ ದೊರೆಯುವಾಗ ಅದಕ್ಕಾಗಿ ಪ್ರಯಾಣ ಮಾಡುವವರಾರು? ಯೂರೋಪಿನ ಅನೇಕ ಒರತೆಯ ಊರುಗಳು ಈ ಹಂತದಲ್ಲಿ ಸೊರಗಿದವು. ಸ್ಕಾರ್ಬರೋದಲ್ಲಿ ಮಾತ್ರ ಸ್ಪಾ ಎಂಬ ಹೆಸರು ನೀರಿಗಿಂತ ಸಂಗೀತಕ್ಕೆ ಹೆಚ್ಚು ಅಂಟಿಕೊಂಡಿದ್ದುದರಿಂದ ಗಿರಾಕಿಗಳು ತಪ್ಪಲಿಲ್ಲ. 1912ರಿಂದ ಆಲಿಕ್ ಮ್ಯಾಕ್ಲೀನ್, 1960ರಿಂದ ಮ್ಯಾಕ್ಸ್ ಜಾಫಾ ಮುಂತಾದ ವಾದ್ಯವೃಂದದ ನಿರ್ದೇಶಕರು ಬೇಸಿಗೆಯ ಹಂಗಾಮುಗಳಲ್ಲಿ ಸಾವಿರಾರು ಶ್ರೋತೃಗಳನ್ನು ಆಕರ್ಷಿಸಿದರು.

ಎರಡನೆಯ ಮಹಾಯುದ್ಧದ ನಂತರ ಖಾಸಗಿ ಕಂಪನಿಯ ಯುಗ ಮುಗಿಯಿತು. 1951ರಲ್ಲಿ ಸೇತುವೆಯನ್ನು ನಗರಸಭೆಯು ಕೊಂಡು ಸುಂಕವನ್ನು ರದ್ದುಗೊಳಿಸಿತು. 1957ರಲ್ಲಿ ಸ್ಪಾ ಕೂಡ ನಗರಸಭೆಯ ಒಡೆತನಕ್ಕೆ ಬಂದಿತು. 1960ರ ದಶಕದಿಂದೀಚೆಗೆ ಅಗ್ಗದ ವಿಮಾನಯಾನವು ಬ್ರಿಟನ್ನಿನ ವಿಹಾರಿಗಳನ್ನು ಸ್ಪೇನಿನ ಬಿಸಿಲಿಗೆ ಒಯ್ದಾಗ, ಎಲ್ಲ ಕಡಲತೀರದ ಊರುಗಳಂತೆ ಸ್ಕಾರ್ಬರೋದ ವಸತಿಗೃಹಗಳೂ ನಷ್ಟವನ್ನು ಕಂಡವು. ಸ್ಪಾ ಭವನವು ಸಮ್ಮೇಳನ, ನಾಟಕ ಹಾಗೂ ಸಂಗೀತೋತ್ಸವಗಳ ತಾಣವಾಗಿ ಮಾರ್ಪಟ್ಟು ಇಂದಿಗೂ ನಡೆಯುತ್ತಿದೆ. 2023ರ ಏಪ್ರಿಲ್‌ನಲ್ಲಿ ಸ್ಥಳೀಯ ಆಡಳಿತವು ನಾರ್ತ್ ಯಾರ್ಕ್‌ಷೈರ್ ಕೌನ್ಸಿಲಿನಲ್ಲಿ ವಿಲೀನಗೊಂಡ ಮೇಲೆ ಇದರ ಹೊಣೆಯೂ ಆ ಸಂಸ್ಥೆಗೆ ಹೋಗಿದೆ.

ಗುಡ್ಡದ ಲೆಕ್ಕ

ಈ ಚರಿತ್ರೆಯ ಜಮಾಖರ್ಚಿನಲ್ಲಿ ಬಹುಕಾಲ ಕಣ್ಣಿಗೆ ಬೀಳದ ಬಾಬ್ತೊಂದಿದೆ. ದಕ್ಷಿಣ ಕೊಲ್ಲಿಯ ಗುಡ್ಡಗಳ ಮೇಲ್ಪದರವು ಹಿಮಯುಗದಲ್ಲಿ ಹಿಮನದಿಗಳು ತಂದು ಸುರಿದ ಜೇಡಿಮಣ್ಣಿನಿಂದಾದುದು. ಇಂಗಿದ ನೀರು ಒರತೆಯಾಗಿ ಹೊರಬರುವಂತೆಯೇ, ಮಿತಿಮೀರಿ ನಿಂತಾಗ ಮಣ್ಣನ್ನು ಸಡಿಲಗೊಳಿಸಿ ಗುಡ್ಡವನ್ನು ಜಾರಿಸುತ್ತದೆ. ಊರಿಗೆ ಅನ್ನ ನೀಡಿದ ನೀರೇ ಊರಿನ ಬುನಾದಿಗೆ ಅಪಾಯವನ್ನೂ ತರಬಲ್ಲದು. 1737ರ ಘಟನೆ ಅದರ ಮುನ್ಸೂಚನೆಯಾಗಿತ್ತು.

1993ರ ಜೂನ್ 3ರ ರಾತ್ರಿ ಸ್ಪಾದ ದಕ್ಷಿಣಕ್ಕಿರುವ ಹಾಲ್ಬೆಕ್ ಹಾಲ್ ಹೋಟೆಲಿನ ಮುಂದಿನ ಗುಡ್ಡವು ಜಾರತೊಡಗಿತು. ಸುಮಾರು 10 ಲಕ್ಷ ಟನ್ ಮಣ್ಣು ಕಡಲಿನ ಕಡೆಗೆ ಹರಿಯಿತು. ಬೆಳಗಾಗುವ ಹೊತ್ತಿಗೆ ಹೋಟೆಲಿನ ಉದ್ಯಾನದ ಬಹುಭಾಗ ಮಾಯವಾಗಿತ್ತು. ಅತಿಥಿಗಳನ್ನು ತೆರವುಗೊಳಿಸಿದುದರಿಂದ ಪ್ರಾಣಹಾನಿಯಾಗಲಿಲ್ಲ. ಆದರೆ ಮುಂದಿನ ಒಂದೆರಡು ದಿನಗಳಲ್ಲಿ ಕಟ್ಟಡದ ಒಂದು ಭಾಗ ಕುಸಿದು, ಉಳಿದುದನ್ನೂ ಕೆಡವಬೇಕಾಯಿತು. ಅದಕ್ಕೆ ಮುನ್ನ ಎರಡು ತಿಂಗಳ ಅವಧಿಯಲ್ಲಿ ಸುಮಾರು 140 ಮಿಲಿಮೀಟರ್ ಮಳೆ ಸುರಿದಿತ್ತು.

ಹೋಟೆಲಿಗೂ ಸಮುದ್ರಕ್ಕೂ ನಡುವಿನ ಇಳಿಜಾರು ಕೌನ್ಸಿಲಿನ ಆಸ್ತಿಯಾಗಿದ್ದುದರಿಂದ ಮಾಲೀಕರು ಪರಿಹಾರಕ್ಕಾಗಿ ದಾವೆ ಹೂಡಿದರು. ಕೆಳ ನ್ಯಾಯಾಲಯವು ಕೌನ್ಸಿಲನ್ನು ಹೊಣೆ ಮಾಡಿತು. ಆದರೆ 2000ದಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ತನ್ನ ನೆಲದಲ್ಲಿರುವ ನೈಸರ್ಗಿಕ ಅಪಾಯದಿಂದ ನೆರೆಯವರಿಗೆ ಹಾನಿಯಾಗದಂತೆ ನೋಡಿಕೊಳ್ಳುವ ಕರ್ತವ್ಯವು ಮಾಲೀಕನಿಗೆ ಇದೆ; ಆದರೆ ಆ ಕರ್ತವ್ಯವು ಮುಂಗಾಣಬಹುದಾದ ಹಾನಿಯ ಮಟ್ಟಕ್ಕೆ ಸೀಮಿತವಾದುದು; ವಿಶೇಷ ಭೂವೈಜ್ಞಾನಿಕ ತನಿಖೆಯಿಲ್ಲದೆ ಇಷ್ಟು ದೊಡ್ಡ ಕುಸಿತವನ್ನು ಊಹಿಸಲು ಸಾಧ್ಯವಿರಲಿಲ್ಲ. ಇದು ತೀರ್ಪಿನ ಸಾರಾಂಶ. ನೆಲ ನೆರೆಯವನದಾದರೂ ನಷ್ಟ ಮಾತ್ರ ಹೋಟೆಲಿನ ಪಾಲಿಗೆ ಉಳಿಯಿತು. ಆ ಬಳಿಕ ಸ್ಪಾದ ಹಿಂದಿನ ಗುಡ್ಡವನ್ನು ಭದ್ರಪಡಿಸುವ ಕಾಮಗಾರಿಗಳಿಗೆ ಸಾರ್ವಜನಿಕ ಹಣವನ್ನು ದೊಡ್ಡ ಪ್ರಮಾಣದಲ್ಲಿ ತೊಡಗಿಸಬೇಕಾಯಿತು.

ವರ್ತಕರಿಗೆ ವಿದಿತವಾಗುವುದೇನು?

ಸ್ಕಾರ್ಬರೋದ ಅನುಭವದಿಂದ ಕೆಲವು ಅಂಶಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಜಾತ್ರೆ ಕ್ಷೀಣಿಸುತ್ತಿದ್ದಾಗಲೇ ಒರತೆಯ ವ್ಯಾಪಾರ, ಒರತೆಗೆ ಬೇಡಿಕೆ ಇದ್ದಾಗಲೇ ಸಮುದ್ರಸ್ನಾನ, ಅದರ ಜೊತೆಯಲ್ಲಿಯೇ ಸಂಗೀತ, ಹೀಗೆ ಒಂದು ಆದಾಯ ನಿಲ್ಲುವ ಮುನ್ನವೇ ಇನ್ನೊಂದು ಬೇರೂರಿತ್ತು. ಇದ್ದ ಗಿರಾಕಿಗೆ ಹೊಸ ಸೇವೆಯನ್ನು ಒದಗಿಸಿದುದರಿಂದಲೇ ಈ ಬದಲಾವಣೆ ಸುಗಮವಾಯಿತು. ಎರಡನೆಯದಾಗಿ, ಸೇತುವೆಯಂತಹ ಸೌಕರ್ಯಕ್ಕೆ ಊರಿನವರೇ ಬಂಡವಾಳ ಹೂಡಿದುದು ಒರತೆಯಷ್ಟೇ ಫಲ ನೀಡಿತು.

ಮೂರನೆಯ ಅಂಶ ಇವೆಲ್ಲಕ್ಕಿಂತ ಮುಖ್ಯವಾದುದು. ಪ್ರಕೃತಿ ಉಚಿತವಾಗಿ ನೀಡಿದುದಕ್ಕೆ ಬೆಲೆಯಿಲ್ಲವೆಂದು ಭಾವಿಸಿ, ಅದರ ಪಾಲನೆಗೆ ತೆಗೆದಿರಿಸಬೇಕಾದ ಹಣವನ್ನೂ ಲಾಭವೆಂದು ಎಣಿಸುವುದು ತಪ್ಪು ಲೆಕ್ಕ. ಯಂತ್ರಕ್ಕೆ ಸವಕಳಿಯನ್ನು ಬರೆಯುವ ಉದ್ಯಮಿಯು ತನ್ನ ಕಾರ್ಖಾನೆಗೆ ನೀರು ಕೊಡುವ ಕೆರೆಗೆ, ಬಾವಿಗೆ, ಅದು ನಿಂತಿರುವ ನೆಲಕ್ಕೆ ಎಷ್ಟನ್ನು ಬರೆಯುತ್ತಾನೆ? ಅಪಾಯವನ್ನು ಮುಂಚಿತವಾಗಿ ಪರಿಶೀಲಿಸಲು ತಗಲುವ ವೆಚ್ಚವು ದುಬಾರಿಯೆನಿಸಬಹುದು. ಹಾನಿ ಸಂಭವಿಸಿದ ನಂತರ ಅದು ಯಾರ ಹೊಣೆಯೆಂದು ನ್ಯಾಯಾಲಯದಲ್ಲಿ ನಿರ್ಧರಿಸಲು ತಗಲುವ ವೆಚ್ಚ ಅದಕ್ಕಿಂತ ಹೆಚ್ಚು. ಜಾರಿಹೋದ ನೆಲವಂತೂ ತೀರ್ಪಿನಿಂದ ಮರಳಿ ಬರುವುದಿಲ್ಲ. ತಮ್ಮ ಉದ್ಯಮವು ಯಾವ ಒರತೆಯನ್ನು ಅವಲಂಬಿಸಿದೆ, ಅದರ ಹಿಂದಿರುವ ಗುಡ್ಡವು ಯಾರ ಪಾಲನೆಯಲ್ಲಿದೆ ಎಂಬುದನ್ನು ವರ್ತಕ ಬಾಂಧವರು ಒಮ್ಮೆ ಪರಿಶೀಲಿಸುವುದು ಒಳಿತು.